ಹೆರಿಗೆಗೆ ತವರಿಗೆ ಹೋದ ಹಲ್ಲಿ

ಹಸಿವು ಎಂಬುದು ಜೀವಕೋಟಿಯ ಮೊದಲ ಮಾತು, ಕೊನೆಯ ಮಾತು. ಅನ್ನದಿಂದ ಮುಖ ತಿರುಗಿಸಿದ ಪ್ರಾಣಿ ಈ ಲೋಕದಿಂದಲೇ ಅರ್ಧ ಮುಖ ತಿರುಗಿಸಿದಂತೆ ಎಂದು ತಿಳಿದವರು ಹೇಳುತ್ತಾರೆ. ಆ ತಿಳಿದವರು ಯಾರೆಂದು ನನಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಮೇವು ಬಿಟ್ಟಿದೆ ಎಂದು ಮಾಲೀಕರು ಕಣ್ಣೀರು ಹಾಕುತ್ತ ಹಿಡಿದುಕೊಂಡು ಬಂದ ಎಮ್ಮೆಗಳಲ್ಲಿ ಅರ್ಧದಷ್ಟು, ಪಕ್ಕದ ಮನೆಯವರ ಜೋಳದ ರಾಶಿಗೆ ಬಾಯಿ ಹಾಕಿ ಹೊಟ್ಟೆ ಬಿರಿಯುವಂತೆ ತಿಂದು ಬಂದಂಥವು.

ನಾನು ದನದ ಡಾಕ್ಟರು. ಹಾವೇರಿಯಲ್ಲಿ ನನ್ನ ದವಾಖಾನೆ ಎಂದರೆ ಒಂದು ಕೋಣೆ, ಅದರ ಮುಂದೆ ಒಂದು ಬೇವಿನ ಗಿಡ, ಎಮ್ಮೆ ನಿಲ್ಲಿಸಲು ಕಬ್ಬಿಣದ ಒಂದು ಚೌಕಟ್ಟು. ಚಳಿ ಇಳಿಯುತ್ತಿದ್ದ ಒಂದು ಮಧ್ಯಾಹ್ನ, ಅಗಡಿಯಿಂದ ಬಂದಿದ್ದ ಎರಡು ಆಡುಗಳ ಹಿಂದೆ ಸರದಿಯಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ ಕುಳಿತಿದ್ದರು. ಸೊಸೆಯ ತೊಡೆಯ ಮೇಲೆ ಗಾಳಿಗೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ. ಊರು ಯಾವುದೆಂದು ನಾನು ಕೇಳಬೇಕಾಗಲಿಲ್ಲ. ಅತ್ತೆ ಎದ್ದು ಸೆರಗು ಜಾಡಿಸಿದಾಗ ಒಂದು ಆಡಿಗೆ ಸೀನು ಬಂತು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯವರು ಹೋದಲ್ಲೆಲ್ಲ ತಮ್ಮ ಊರನ್ನು ಹೀಗೆ ಸ್ವಲ್ಪ ಸ್ವಲ್ಪ ಹಂಚುತ್ತಿರುತ್ತಾರೆ.

ಡಬ್ಬಿಯಲ್ಲಿ ಇದ್ದದ್ದು ಗೇಣುದ್ದದ ಒಂದು ಹಲ್ಲಿ. ಹುರಿದ ಶೇಂಗಾದ ಬಣ್ಣ, ಮೈತುಂಬ ಕಪ್ಪು ಚುಕ್ಕೆ, ಗಜ್ಜರಿಯಂತೆ ದಪ್ಪನೆಯ ಬಾಲ. ನಮ್ಮ ಗೋಡೆಯ ಹಲ್ಲಿಗೆ ಇಲ್ಲದ ರೆಪ್ಪೆ ಇದಕ್ಕಿತ್ತು. ಅದನ್ನು ನಿಧಾನ ಮುಚ್ಚಿ ತೆರೆದು, ನನ್ನ ವಿದ್ಯಾರ್ಹತೆಯನ್ನು ಅನುಮಾನಿಸುವವರ ಹಾಗೆ ನನ್ನನ್ನು ನೋಡಿತು. ಅನುಮಾನ ನ್ಯಾಯವಾದದ್ದೇ. ಸರೀಸೃಪಗಳ ಬಗ್ಗೆ ನಾನು ಕಾಲೇಜಿನಲ್ಲಿ ಓದಿದ್ದು, ಹಾವು ಕಚ್ಚಿದ ದನಕ್ಕೆ ಏನು ಮಾಡಬೇಕು ಎಂಬಷ್ಟೇ.

"ಹಲ್ಲಿರಿ ಸಾಹೇಬ್ರ," ಅಂದರು ಅತ್ತೆ. "ನಮ್ಮ ಹಲ್ಲಿ ಅಲ್ಲ, ಪರದೇಶದ ಜಾತಿ. ಉಣವಲ್ದು."

ವಿವರ ಹೀಗಿತ್ತು. ಸೊಸೆಯ ಅಣ್ಣ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಹೊಲದಲ್ಲಿ ಟೊಮೆಟೊ, ಮೆಣಸಿನ ಗಿಡಗಳ ಗಂಡು ಹೆಣ್ಣು ಕೂಡಿಸಿ ತಳಿ ತೆಗೆಯುವ ಉದ್ಯೋಗ ಸಾಲದೆಂಬಂತೆ, ಮನೆಯಲ್ಲಿ ಹವ್ಯಾಸಕ್ಕೆ ಲೆಪರ್ಡ್ ಗೆಕ್ಕೊ ಎಂಬ ಈ ಹಲ್ಲಿಗಳನ್ನು ಸಾಕಿ ಮರಿ ಮಾಡಿಸುತ್ತಾನೆ. ಕಾಡಿನಿಂದ ಹಿಡಿದು ತಂದದ್ದಲ್ಲ, ಅವನ ಕೋಣೆಯಲ್ಲೇ ತತ್ತಿಯೊಡೆದು ಹುಟ್ಟಿದ್ದು ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ನಾನು ಮುಂದುವರಿದೆ. ಹುಟ್ಟಿದಾಗಿನಿಂದ ತಂಗಿಯ ಕೈಯಲ್ಲಿ ಬೆಳೆದ ಈ ಹೆಣ್ಣಿಗೆ ಶೇಂಗಾ ಎಂದು ಹೆಸರು. ಮದುವೆಯಾಗಿ ಬ್ಯಾಡಗಿಗೆ ಬಂದಾಗ ಬೀರು, ಭಾಂಡೆ ಸಾಮಾನಿನ ಜೊತೆ ಗಾಜಿನ ಪೆಟ್ಟಿಗೆಯಲ್ಲಿ ಶೇಂಗಾ ಕೂಡ ಬಂದಳು.

ಅತ್ತೆಗೆ ಮೊದಮೊದಲು ಅಸಹ್ಯಕ್ಕಿಂತ ನಿರಾಶೆಯೇ ಹೆಚ್ಚಾಗಿತ್ತಂತೆ. ಹಲ್ಲಿ ಯಾವ ಅಂಗದ ಮೇಲೆ ಬಿದ್ದರೆ ಏನು ಫಲ ಎಂಬ ಪಂಚಾಂಗದ ಪುಟ ಅವರಿಗೆ ಬಾಯಿಪಾಠ. ಈ ಹಲ್ಲಿ ಗೋಡೆ ಹತ್ತುವುದಿಲ್ಲ, ಆದ್ದರಿಂದ ಬೀಳುವುದಿಲ್ಲ. ಲೊಚಗುಟ್ಟುವುದೂ ಇಲ್ಲ, ಆದ್ದರಿಂದ ಯಾರ ಮಾತಿಗೂ ಸಾಕ್ಷಿ ನುಡಿಯುವುದಿಲ್ಲ. ಹಲ್ಲಿಯಾಗಿ ಮಾಡಬೇಕಾದ ಒಂದು ಕೆಲಸವನ್ನೂ ಮಾಡದ ಪ್ರಾಣಿ. ಆದರೆ ಸುಗ್ಗಿ ಬಂದರೆ ಮಗ ಬೆಳಗಾಗುವ ಮೊದಲೇ ಮಾರ್ಕೆಟ್ ಯಾರ್ಡಿಗೆ ಹೋಗುವವನು, ಸೊಸೆ ಕೋಲ್ಡ್ ಸ್ಟೋರೇಜ್ ಆಫೀಸಿಗೆ. ಮಧ್ಯಾಹ್ನ ಮನೆಯಲ್ಲಿ ಉಳಿಯುವ ಜೀವಗಳು ಎರಡೇ. ಹೀಗೆ ಜೀವನವಿಡೀ ಹಿಟ್ಟಿನಿಂದ ಹುಳ ಆರಿಸಿ ಎಸೆದ ಕೈ, ಈಗ ಗೋಧಿ ಬೂಸಾದಲ್ಲಿ ಹುಳ ಸಾಕಿ, ಹಿಟ್ಟು ಜಾಡಿಸಿ, ಒಂದೊಂದಾಗಿ ಹಲ್ಲಿಗೆ ಹಿಡಿಯತೊಡಗಿತು. ಆ ಹುಳಗಳನ್ನೇ ಶೇಂಗಾ ಈಗ ಮೂಸಿಯೂ ನೋಡುತ್ತಿರಲಿಲ್ಲ.

ದನಕ್ಕೆ ಕೇಳುವ ಪ್ರಶ್ನೆಗಳನ್ನೇ ಕೇಳಿದೆ. ಕೊನೆಗೆ ತಿಂದದ್ದು ಯಾವಾಗ, ಹಿಕ್ಕೆ ಹೇಗಿದೆ, ನೀರು ಕುಡಿಯುತ್ತದೆಯೇ, ಪೆಟ್ಟಿಗೆಯ ಕೆಳಗಿನ ಬಿಸಿ ಹಾಳೆ ಸರಿಯಾಗಿ ಕೆಲಸ ಮಾಡುತ್ತಿದೆಯೇ. ಎಲ್ಲ ಸರಿ ಇತ್ತು, ಹಸಿವೆ ಒಂದು ಬಿಟ್ಟು. ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವ ನನ್ನ ಹಳೆಯ ಸಹಪಾಠಿಗೆ ಫೋನು ಮಾಡಿದೆ. ಅವನು ಮೊದಲು ಸಾಕಷ್ಟು ನಕ್ಕ. ಆಮೇಲೆ ಪ್ರಾಣಿಯನ್ನು ಮಲಗಿಸಬೇಡ, ಪಾರದರ್ಶಕ ಡಬ್ಬಿಯಲ್ಲಿಟ್ಟು ಎತ್ತಿ ಹಿಡಿದು ಕೆಳಗಿನಿಂದ ಬ್ಯಾಟರಿ ಬಿಟ್ಟು ನೋಡು ಎಂದ. ನೋಡಿದೆ. ಹೊಟ್ಟೆಯ ತೆಳು ಚರ್ಮದ ಅಡಿಯಲ್ಲಿ, ಎರಡೂ ಬದಿಗೆ, ತೊಗರಿ ಕಾಳಿನಂಥ ನಸುಗೆಂಪು ಉಂಡೆಗಳು ಕಂಡವು.

ರೋಗ ಇರಲಿಲ್ಲ. ಈ ಜಾತಿಯ ಹೆಣ್ಣುಗಳು ಸಂತಾನದ ಕಾಲದಲ್ಲಿ, ತತ್ತಿ ಕಟ್ಟುವಾಗ, ವಾರಗಟ್ಟಲೆ ಉಪವಾಸ ಇರುತ್ತವೆ. ಅವುಗಳ ಬಾಲವೇ ಅವುಗಳ ಹಗೇವು. ನಮ್ಮ ಹಿರಿಯರು ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿಟ್ಟು ಬರಗಾಲ ಕಳೆದಂತೆ, ಇವು ಬಾಲದ ಕೊಬ್ಬು ಕರಗಿಸಿಕೊಂಡು ಕಾಲ ತಳ್ಳುತ್ತವೆ. ಹಗೇವು ಬರಿದಾಗದಂತೆ ನೋಡಿಕೊಳ್ಳಬೇಕು, ಅಷ್ಟೇ. ವಾರಕ್ಕೊಮ್ಮೆ ತೂಗಿ. ಹುಳ ತಿಂದರೆ ಸುಣ್ಣಾಂಶದ ಪುಡಿ ಹೊರಳಿಸಿ ಕೊಡಿ. ತತ್ತಿಯಿಡಲು ಹಸಿ ಮಣ್ಣು ಬೇಕು. ಮುಚ್ಚಳದ ಡಬ್ಬಿಯೊಂದಕ್ಕೆ ಬಾಗಿಲಿನಂತೆ ತೂತು ಮಾಡಿ, ತೆಂಗಿನ ನಾರಿನ ಪುಡಿ ತುಂಬಿ, ನೀರು ಚಿಮುಕಿಸಿ ಮೂಲೆಯಲ್ಲಿಡಿ. ಮತ್ತೆ ಮತ್ತೆ ಎತ್ತಬೇಡಿ. ಜಾಗ ಸರಿ ಬರದಿದ್ದರೆ ತತ್ತಿಯನ್ನು ಒಳಗೇ ಹಿಡಿದುಕೊಳ್ಳುತ್ತದೆ, ಹಾಗಾದರೆ ಜೀವಕ್ಕೆ ಅಪಾಯ. ಇಷ್ಟನ್ನು ಗಂಭೀರವಾಗಿ ಹೇಳಿದೆ. ಸಹಪಾಠಿ ಹೇಳಿದ್ದನ್ನು ನನ್ನದೇ ಎಂಬಂತೆ ಹೇಳುವಾಗ ನನ್ನ ದನಿ ಯಾವಾಗಲೂ ಗಂಭೀರವಾಗಿರುತ್ತದೆ.

ಅತ್ತೆ ಸ್ವಲ್ಪ ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದರು. "ಗಂಡಿಲ್ಲದ ಹೆಂಗ್ರಿ?"

ನಾನು ಉತ್ತರ ಕೂಡಿಸಿಕೊಳ್ಳುವಷ್ಟರಲ್ಲಿ ಅಗಡಿಯ ಆಡಿನವನು ಬಾಗಿಲಿನಿಂದಲೇ ಹೇಳಿದ. "ಫಾರಂ ಕೋಳಿ ಇಡ್ತಾವಲ್ಲಬೇ ಯಕ್ಕಾ, ಹಂಗ."

ಅತ್ತೆಗೆ ಸಮಾಧಾನವಾಯಿತು. "ಅಂತೂ ಬಸುರಿ ಅಂದಂಗಾತು," ಅಂದರು. ಬಸುರಿಗೂ ತತ್ತಿ ಕಟ್ಟುವುದಕ್ಕೂ ಇರುವ ವ್ಯತ್ಯಾಸ ವಿವರಿಸಲು ಹೊರಟವನು, ಇನ್ನೊಂದು ಆಡು ನನ್ನ ಚೀಟಿಗಳಿಗೆ ಬಾಯಿ ಹಾಕಿದ್ದರಿಂದ ಅಲ್ಲಿಗೇ ಬಿಟ್ಟೆ. ಅಂದಿನಿಂದ ಶೇಂಗಾಳಿಗೆ ಆ ಮನೆಯಲ್ಲಿ ಬಡ್ತಿ ಸಿಕ್ಕಿತು. ಅತ್ತೆ ಅವಳನ್ನು ಶೇಂಗವ್ವ ಎಂದು ಕರೆಯತೊಡಗಿದರು.

ತೂಗುವುದು ಮೊದಲ ತೊಡಕಾಯಿತು. ಅಡುಗೆಮನೆಯ ತಕ್ಕಡಿಗೆ ಅಷ್ಟು ಸೂಕ್ಷ್ಮವಿರಲಿಲ್ಲ. ಅತ್ತೆ ಡಬ್ಬಿ ಎತ್ತಿಕೊಂಡು ಓಣಿಯ ಪತ್ತಾರನ ಅಂಗಡಿಗೆ ಹೋದರು. ಬಂಗಾರ ತೂಗುವಲ್ಲಿ ಹಲ್ಲಿಯೇ ಎಂದು ಅವನು ಮುಖ ಸಿಂಡರಿಸಿದನಂತೆ. ಕಂಚಿಯಲ್ಲಿ ದೇವರ ಗುಡಿಯಲ್ಲೇ ಬಂಗಾರದ ಹಲ್ಲಿ ಇದೆ, ಮುಟ್ಟಿದರೆ ದೋಷ ಪರಿಹಾರ, ನಿನಗೆ ಮನೆ ಬಾಗಿಲಿಗೆ ಬಂದರೆ ಒಲ್ಲೆ ಅಂತೀಯಾ ಎಂದು ಇವರು ಕೇಳಿದ ಮೇಲೆ ಅವನು ತಕ್ಕಡಿ ಮುಂದಿಟ್ಟ. ಹೀಗಾಗಿ ನನಗೆ ವಾರವಾರ ಫೋನಿನಲ್ಲಿ ಬರುತ್ತಿದ್ದ ವರದಿ ತೊಲೆಯ ಲೆಕ್ಕದಲ್ಲಿರುತ್ತಿತ್ತು. ಐದು ತೊಲೆ. ಐದಕ್ಕೆ ಒಂದು ಗುಂಜಿ ಕಡಿಮೆ. ಗುಂಜಿಗಳನ್ನು ಗ್ರಾಮಿಗೆ ಇಳಿಸಿ ನೋಡಿದರೆ ಇಳಿಕೆ ಬಹಳ ನಿಧಾನ. ಅದು ಹೇಗಿರಬೇಕೋ ಹಾಗೇ ಇತ್ತು.

ಈ ನಡುವೆ ಬ್ಯಾಡಗಿಯಲ್ಲಿ ಒಂದು ಆಕಳು ನೋಡಲು ಹೋದವನು ಅವರ ಮನೆಗೂ ಹೋದೆ. ಸುಗ್ಗಿ ಏರಿತ್ತು. ಯಾರ್ಡಿನ ಕಡೆಯಿಂದ ಬೀಸಿದ ಗಾಳಿಗೆ ಇಡೀ ಓಣಿ ಕೆಮ್ಮುತ್ತಿತ್ತು. ಮಾತಿನ ನಡುವೆ ಕೆಮ್ಮಿದರೆ ಅಲ್ಲಿ ಅದನ್ನು ಪೂರ್ಣವಿರಾಮ ಎಂದು ತಿಳಿಯುತ್ತಾರೆ. ಗಾಜಿನ ಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿ ಹಳೆಯ ಶ್ರೀಖಂಡದ ಡಬ್ಬಿ. ಅದರೊಳಗೆ ಶೇಂಗಾ ಅಗೆದಿದ್ದಳು, ಮುಚ್ಚಿದ್ದಳು, ಮತ್ತೆ ಬೇರೆ ಕಡೆ ಅಗೆದಿದ್ದಳು. ಡಬ್ಬಿ ಹಳಸಿದ ಹಸಿ ವಾಸನೆ ಹೊಡೆಯುತ್ತಿತ್ತು. ಬ್ಯಾಟರಿ ಬಿಟ್ಟರೆ ಹೊಟ್ಟೆಯ ನಸುಗೆಂಪು ಹೋಗಿ ಎರಡು ಬೆಳ್ಳನೆಯ ಉದ್ದುಂಡೆಗಳು ಕಂಡವು. ಎಲ್ಲ ಸರಿಯಾಗಿದೆ, ಇನ್ನೇನು ಹತ್ತಿರ ಬಂತು ಎಂದೆ.

ಡಾಕ್ಟರರ ಬಾಯಿಂದ ಇಂಥ ಮಾತು ಬಿದ್ದರೆ ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳಿಗೆ ಮುಂದಿನ ಕೆಲಸ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ದಿನಕ್ಕೆ ಅತ್ತೆಯ ಫೋನು ಬಂತು.

"ಸಾಹೇಬ್ರ, ಚೊಚ್ಚಲ ಐತಿ. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕ್ರಿ. ನನ್ನ ಹೆಣ್ಣಮಕ್ಕಳು ಇಬ್ರೂ ಇಲ್ಲೇ ಬಂದು ಹಡದ್ರು. ಶೇಂಗವ್ವನ್ನ ರಾಣೆಬೆನ್ನೂರಿಗೆ ಕಳಸಲೇನ್ರಿ?"

ನಗಬಹುದಾಗಿತ್ತು. ನಗಲಿಲ್ಲ, ಯಾಕೆಂದರೆ ಅವರು ಕೂಡಲೇ ವೈದ್ಯಕೀಯ ಕಾರಣವನ್ನೂ ಮುಂದಿಟ್ಟರು. ಮೆಣಸಿನಕಾಯಿಯ ಘಾಟು ಮನೆಯ ಮಂದಿಗೇ ತಡೆಯಲು ಆಗುತ್ತಿಲ್ಲ, ಆ ಸಣ್ಣ ಜೀವದ ಎದೆ ಎಷ್ಟರದು? ನಾನು ಯೋಚಿಸಿದೆ. ಹವಾ ಬದಲಾಯಿಸುವುದು ಪ್ರಾಚೀನವೂ ಗೌರವಾನ್ವಿತವೂ ಆದ ಚಿಕಿತ್ಸೆ; ಬೇರೇನೂ ತೋಚದಿದ್ದಾಗ ಡಾಕ್ಟರುಗಳು ಇದನ್ನೇ ಹೇಳುತ್ತ ಬಂದಿದ್ದಾರೆ. ಅಲ್ಲಿ ಅಣ್ಣ ಇದ್ದಾನೆ, ಎಷ್ಟೋ ತತ್ತಿ ಇಡಿಸಿ ಮರಿ ಮಾಡಿಸಿದ ಅನುಭವಿ. ಸೊಸೆಯೂ ಅತ್ತೆಯ ಉತ್ಸಾಹ ಕಂಡು ನಗುತ್ತ ಒಪ್ಪಿದ್ದಳು. ಕಳಿಸಿರಿ ಎಂದೆ. ಜೊತೆಗೆ ಏನೇನು ಕಳಿಸುತ್ತೀರಿ ಎಂದು ಕೇಳಲಿಲ್ಲ.

ಕಳಿಸಿದ ವೈಭವ ನನಗೆ ಆಮೇಲೆ ತಿಳಿಯಿತು. ಗಾಜಿನ ಪೆಟ್ಟಿಗೆಯನ್ನು ಬಿಸಿನೀರು, ಸೋಪು ಹಾಕಿ ಫಳಫಳ ತೊಳೆದರು. ಒಳಗಿನ ಹಳೆಯ ಸಾಮಾನೆಲ್ಲ ತೆಗೆದು ಹೊಸದು ಇಟ್ಟರು. ಪೆಟ್ಟಿಗೆಗೆ ಅರಿಸಿನ ಕುಂಕುಮ ಹಚ್ಚಿ, ಮೇಲೆ ಹಸಿರು ಕುಪ್ಪಸದ ಕಣ ಹಾಸಿ, ಅಕ್ಕಿ, ಉತ್ತತ್ತಿ, ಅಡಿಕೆ ಇಟ್ಟು ಉಡಿ ತುಂಬಿದರು. ಸೊಸೆ ರಜೆ ಹಾಕಿ ರೈಲಿನಲ್ಲಿ ಒಯ್ದು ಬಿಟ್ಟು ಬಂದಳು. ಡಬ್ಬಿಯಲ್ಲಿ ಏನು ಎಂದು ಕೇಳಿದ ಸಹಪ್ರಯಾಣಿಕರಿಗೆ, ಹೆರಿಗೆಗೆ ಹೊಂಟಾಳ್ರಿ ಎಂದಳಂತೆ. ಅವರು ಜಾಗ ಬಿಟ್ಟುಕೊಟ್ಟರಂತೆ.

ಅಣ್ಣನ ಮನೆಯ ಅಟ್ಟದ ಕೋಣೆ ಬೀಜದ ಕಂಪನಿಯ ಶಿಸ್ತಿನಲ್ಲೇ ಇತ್ತು. ಕಪಾಟಿನಲ್ಲಿ ಡಬ್ಬಿಗಳ ಸಾಲು. ಒಂದು ಅಂತಸ್ತು ಹೆಣ್ಣು ಸಾಲು, ಇನ್ನೊಂದು ಗಂಡು ಸಾಲು. ಶೇಂಗಾಳ ಪೆಟ್ಟಿಗೆಗೆ ಜಾಗ ಸಿಕ್ಕಿದ್ದು ಗಂಡು ಸಾಲಿನ ಪಕ್ಕದಲ್ಲಿ. ಹೊಲದಲ್ಲಿ ಎರಡು ತಳಿಗಳ ನಡುವೆ ಇಷ್ಟು ಅಂತರ ಬಿಡಬೇಕು ಎಂಬ ನಿಯಮ ಆ ಕೋಣೆಯ ಅಳತೆಗೆ ಒಗ್ಗಿರಲಿಲ್ಲ. ಅವಳಿಗೆಂದು ಅವನು ನರ್ಸರಿಯಿಂದ ತಂದ ಹೊಸ ನಾರಿನ ಪುಡಿ ತೊಳೆದು, ಹೊಸ ಡಬ್ಬಿಗೆ ತುಂಬಿ ಇಟ್ಟಿದ್ದ.

ಶೇಂಗಾ ಆ ಡಬ್ಬಿಯೊಳಗೆ ಕಾಲಿಡಲಿಲ್ಲ. ಹಗಲೂ ಇರುಳೂ ಗಾಜು ಕೆರೆಯುತ್ತ ಒಂದು ಮೂಲೆಯಿಂದ ಇನ್ನೊಂದಕ್ಕೆ ಓಡಾಡಿದಳು. ಪಕ್ಕದ ಗಂಡು ಬಾಲ ಅಲುಗಿಸಿ ಸದ್ದು ಮಾಡಿದರೆ ಮೂಲೆಗೆ ಒತ್ತಿಕೊಂಡು ಕುಳಿತಳು. ಅಣ್ಣ ಹೊಸ ಜಾಗ, ಹೊಂದಿಕೊಳ್ಳುತ್ತಾಳೆ ಎಂದ. ಅವನ ಹತ್ತಿರ ಬೀಜ ತೂಗುವ ತಕ್ಕಡಿ ಇತ್ತು. ಪತ್ತಾರನ ಗುಂಜಿ ಲೆಕ್ಕಕ್ಕಿಂತ ಎಷ್ಟೋ ಸೂಕ್ಷ್ಮ. ಅದರಿಂದಾದ ಲಾಭವೆಂದರೆ, ಅವಳು ಸೊರಗುತ್ತಿದ್ದಾಳೆ ಎಂಬುದು ನಮಗೆ ದಶಾಂಶದ ಎರಡನೆಯ ಸ್ಥಾನದವರೆಗೂ ಖಚಿತವಾಗಿ ತಿಳಿಯತೊಡಗಿತು. ಈಗ ಇಳಿಕೆ ನಿಧಾನವಾಗಿರಲಿಲ್ಲ. ಅಣ್ಣ ಕಳಿಸಿದ ಫೋಟೋದಲ್ಲಿ ಗಜ್ಜರಿಯಂಥ ಬಾಲ ಸುಕ್ಕುಗಟ್ಟಿ, ಬುಡದ ಎಲುಬು ಎದ್ದು ಕಂಡಿತು. ನಾನು ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ಅತ್ತೆ, ಸೊಸೆ ನನಗಿಂತ ಮೊದಲೇ ಬಂದಿದ್ದರು. ಸೊಸೆ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕುಳಿತಿದ್ದಳು. ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. ಬೀಗರ ಮನೆ, ಕುಳಿತುಕೊಳ್ಳಿ ಎಂದು ಎಷ್ಟು ಸಲ ಅಂದರೂ ಕುಳಿತಿರಲಿಲ್ಲ.

ಪರೀಕ್ಷೆ ಮಾಡಿದೆ. ಕಣ್ಣು ಒಂದಿಷ್ಟು ಒಳಗೆ ಹೋಗಿದ್ದವು, ಆದರೆ ಮಂಕಾಗಿರಲಿಲ್ಲ. ಬೆರಳು ಒಡ್ಡಿದರೆ ಕಾಲಿನಿಂದ ಬಲವಾಗಿ ತಳ್ಳಿದಳು. ತತ್ತಿಗಳು ಸಣ್ಣ ಉತ್ತತ್ತಿಯಷ್ಟು ದೊಡ್ಡವಾಗಿ, ಎರಡೂ ಬದಿಗೆ ಸರಿಯಾಗಿ ಕೂತಿದ್ದವು. ತಿಣುಕಿ ಮುಕ್ಕರಿಯುತ್ತಿರಲಿಲ್ಲ, ಹಿಂದಿನಿಂದ ಸ್ರಾವ ಇರಲಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದೆ. ಸಕ್ಕರೆ ಕಾಯಿಲೆಯವರ ಸೂಜಿಯಲ್ಲಿ, ಸಲೈನು ಬೆರೆಸಿ ತೆಳುಮಾಡಿದ ಕ್ಯಾಲ್ಸಿಯಂ ಚರ್ಮದಡಿಗೆ ಒಂದು ಹನಿಯಷ್ಟು ಕೊಟ್ಟೆ. ಕಾದೆವು. ಅವಳು ಹೋಗಿ ಗಾಜು ಕೆರೆದಳು.

ಬೆಂಗಳೂರಿನವನಿಗೆ ಮತ್ತೆ ಫೋನು ಮಾಡಿದೆ. ಈ ಸಲ ಅವನು ನಗಲಿಲ್ಲ. ಉಳಿದ ದಾರಿ ಎರಡು ಎಂದ. ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್ ಕೊಟ್ಟು ನೋಡು, ಅದಕ್ಕೂ ಬರದಿದ್ದರೆ ಎಕ್ಸ್-ರೇ ತೆಗೆಸಿ ಹೊಟ್ಟೆ ಕೊಯ್ಯಬೇಕು. ಆದರೆ ತತ್ತಿ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಇಂಜೆಕ್ಷನ್ನಿನ ಜೋರಿಗೆ ಒಳಗೇ ಒಡೆದು ಪ್ರಾಣಿ ಹೋಗುತ್ತದೆ. ಮುಂದೆ ನಿಂತು ನೋಡುತ್ತಿರುವವನು ನೀನು, ನೀನೇ ನಿರ್ಧಾರ ಮಾಡು ಎಂದು ಫೋನಿಟ್ಟ.

ಆಕ್ಸಿಟೋಸಿನ್ ನನ್ನ ಚೀಲದಲ್ಲಿ ಇದ್ದೇ ಇರುತ್ತದೆ. ಅರ್ಧ ಟನ್ನಿನ ಎಮ್ಮೆಗೆಂದು ಮಾಡಿದ ಔಷಧವನ್ನು ನಾಲ್ಕು ತೊಲೆಯ ಹಲ್ಲಿಗೆ ಇಳಿಸುವ ಲೆಕ್ಕ ಸುಲಭವಲ್ಲ. ಲೆಕ್ಕ ಎರಡು ಸಲ ಹಾಕಿದೆ, ಅಣ್ಣನಿಂದ ಇನ್ನೊಂದು ಸಲ ಹಾಕಿಸಿದೆ. ತೆಳುಮಾಡಿ, ಮತ್ತೆ ತೆಳುಮಾಡಿ, ಸೂಜಿಗೆ ತುಂಬಿದೆ.

"ಹಾಕಿಬಿಡ್ರಿ ಸರ್," ಅಂದ ಅಣ್ಣ. "ಕಾದಷ್ಟು ಶಕ್ತಿ ಕಡಿಮಿ ಆಗತೈತಿ."

ಅವನ ಮಾತು ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು. ಕೈ ತೊಳೆದು ಬರುತ್ತೇನೆ ಎಂದು ಹೊರಗೆ ಬಂದೆ. ಅತ್ತೆ ಹಿಂದೆಯೇ ಬಂದರು.

"ಕಳಸಿದಾಕಿ ನಾನಽರಿ ಸಾಹೇಬ್ರ. ಅದಕ್ಕೇನರ ಆದ್ರ ಸೊಸಿ ನನಗ ಒಂದ ಮಾತು ಅನ್ನಾಕಿ ಅಲ್ಲ. ಬೈದಿದ್ರ ಬೇಷಿತ್ರಿ. ಅಕಿ ಸುಮ್ಮನಽ ಇರ್ತಾಳ. ಜೀವನಾಪೂರ್ತಿ ಸುಮ್ಮನಿರ್ತಾಳ."

ಕೈ ಒರೆಸುತ್ತ ಬಾಗಿಲಿನಿಂದಲೇ ಕೋಣೆಯನ್ನು ನೋಡಿದೆ. ಫಳಫಳ ಹೊಳೆಯುವ ಗಾಜು. ಹೊಸ ಹಾಸು, ಹೊಸ ಡಬ್ಬಿ, ಒಂದು ಕಲೆಯಿಲ್ಲ. ಹೊಸ ಲಾಡ್ಜಿನ ಕೋಣೆಯಂತಿತ್ತು. ಈಯಲು ಬಂದ ಎಮ್ಮೆಯ ಕೊಟ್ಟಿಗೆ ಬದಲಿಸಬೇಡಿ, ಕಟ್ಟಿದ ಗೂಟ ಕೂಡ ಬದಲಿಸಬೇಡಿ ಎಂದು ಜಿಲ್ಲೆಯ ಅರ್ಧ ರೈತರಿಗೆ ಬೈದು ಹೇಳುತ್ತ ಬಂದವನು ನಾನು. ರೋಗಿ ಅಂಗೈಯಷ್ಟೇ ಇದ್ದಾಳೆಂಬ ಕಾರಣಕ್ಕೆ ಅದು ನನಗೆ ಹೊಳೆದಿರಲಿಲ್ಲ.

"ಅಲ್ಲಿ ಒಂದು ಶ್ರೀಖಂಡದ ಡಬ್ಬಿ ಇತ್ತಲ್ರಿ," ಎಂದೆ. "ಅದರಾಗ ಅಗಿಯಾಕತ್ತಿತ್ತು. ಅದೆಲ್ಲಿ?"

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಬಸುರಿ ಹೆಣ್ಣಮಗಳ ಜೋಡಿ ಹಳೀ ಡಬ್ಬಿ ಕಳಸ್ತಾರೇನ್ರಿ? ಬೀಗರು ಏನಂದಾರು?"

"ಒಗದ್ರೇನು?"

"ಡಬ್ಬಿ ಯಾರರ ಒಗಿತಾರೇನ್ರಿ. ಹಿತ್ತಲದಾಗ ಐತಿ. ಕೊತ್ತಂಬರಿ ಹಾಕೇನಿ."

ಒಳಗೆ ಗಾಜು ಕೆರೆಯುವ ಸದ್ದು ಕೇಳುತ್ತಿತ್ತು.

ನಾನು ಇದ್ದದ್ದನ್ನು ಮೂವರ ಮುಂದೆ ಇಟ್ಟೆ. ತತ್ತಿ ಸಿಕ್ಕಿಕೊಂಡ ಲಕ್ಷಣ ನನಗೆ ಕಾಣುತ್ತಿಲ್ಲ. ಅವಳು ಇಡಲು ಆಗದೆ ಕುಳಿತಿಲ್ಲ, ಇಡುವ ಜಾಗ ಹುಡುಕುತ್ತಿದ್ದಾಳೆ. ಅವಳು ಆರಿಸಿಕೊಂಡ ಜಾಗ ಬ್ಯಾಡಗಿಯಲ್ಲಿದೆ. ಸೂಜಿ ಚುಚ್ಚದೆ ಅಲ್ಲಿಗೆ ಒಯ್ಯಬಹುದು. ಎರಡು ದಿನದಲ್ಲಿ ಇಡದಿದ್ದರೆ, ಅಥವಾ ನಡುವೆ ಮುಕ್ಕರಿಯಲು ಹತ್ತಿದರೆ, ಮೈ ಸಡಿಲ ಬಿಟ್ಟರೆ, ಹುಬ್ಬಳ್ಳಿಗೆ ಎಕ್ಸ್-ರೇ, ಅಲ್ಲಿಂದ ಬೆಂಗಳೂರಿಗೆ. ನನ್ನ ಅಂದಾಜು ತಪ್ಪಿದ್ದರೆ ಆ ಎರಡು ದಿನವೂ ಅವಳ ಪಾಲಿಗೆ ನಷ್ಟ, ಬೆಂಗಳೂರಿನವರೆಗೆ ಜೀವ ಉಳಿಯಲಿಕ್ಕಿಲ್ಲ. ಅಣ್ಣ ಒಪ್ಪಲಿಲ್ಲ. ಇಷ್ಟು ಸೊರಗಿದ ಪ್ರಾಣಿಗೆ ಮತ್ತೆ ಪ್ರಯಾಣ, ಔಷಧ ಕೈಯಲ್ಲೇ ಇದೆ, ಡಬ್ಬಿಯ ಮೇಲೆ ಜೀವ ಪಣಕ್ಕಿಡುವುದೇ ಎಂದ. ಅದೂ ಸರಿಯಾದ ಮಾತೇ. ಕೋಣೆಯಲ್ಲಿ ಸರಿಯಾದ ಮಾತುಗಳಿಗೆ ಬರ ಇರಲಿಲ್ಲ.

ಆಗ ಸೊಸೆ ನೆಲದಿಂದ ಎದ್ದಳು.

"ಬ್ಯಾಡಗಿಗೆ ಒಯ್ಯೋಣ್ರಿ," ಅಂದಳು. ಆಮೇಲೆ ಅಣ್ಣನ ಕಡೆ ತಿರುಗಿ, "ಸಿಟ್ಟಾಗಬ್ಯಾಡೋ ಅಣ್ಣಾ. ನಮ್ಮ ಮನ್ಯಾಗ ಅದಕ್ಕ ಚೊಲೊ ಇತ್ತು. ಇಲ್ಲಿ ಹತ್ತವಲ್ದು."

ಹುಟ್ಟಿದ ಮನೆಯಲ್ಲಿ ನಿಂತು ಆಡಿದ ಮಾತು. ಅತ್ತೆ ಸೆರಗು ಸರಿಪಡಿಸಿಕೊಂಡು ಕಿಟಕಿಯ ಕಡೆ ನೋಡಿದರು. ಆಮೇಲೆ, ಬಂದಾಗಿನಿಂದ ಮೊದಲ ಸಲ, ಕುರ್ಚಿಯಲ್ಲಿ ಕುಳಿತರು. ನಾನು ಸೂಜಿಗೆ ಟೊಪ್ಪಿಗೆ ಹಾಕಿ ಚೀಲದೊಳಗಿಟ್ಟೆ.

ಅಣ್ಣನೇ ಕಾರು ತಂದು, ಗಾಜಿನ ಪೆಟ್ಟಿಗೆಯನ್ನು ಹಿಂದೆ ಇಟ್ಟ. ಸಿಟ್ಟು ಇತ್ತು, ಆದರೆ ಗುಂಡಿ ಕಂಡಲ್ಲೆಲ್ಲ ನಿಧಾನ ಮಾಡಿ ಓಡಿಸಿದ. ಬಿಸಿನೀರಿನ ಬಾಟಲಿಗೆ ಟವೆಲ್ಲು ಸುತ್ತಿ, ಅದರ ಪಕ್ಕ ಶೇಂಗಾಳ ಡಬ್ಬಿ ಇಟ್ಟು, ಎರಡನ್ನೂ ಅತ್ತೆಯ ತೊಡೆಯ ಮೇಲೆ ಇಟ್ಟಿದ್ದೆವು. ಮೋಟೆಬೆನ್ನೂರು ದಾಟಿದ ಮೇಲೆ ಮೆಣಸಿನಕಾಯಿ ಚೀಲದ ಲಾರಿಗಳು ಎದುರಾದವು. ಮೊದಲು ಅಣ್ಣ ಸೀನಿದ, ಆಮೇಲೆ ನಾನು. ಯಾವ ಘಾಟಿನಿಂದ ಪಾರು ಮಾಡಲು ಅವಳನ್ನು ಕಳಿಸಿದ್ದೆನೋ ಅದೇ ಘಾಟಿನೊಳಗೆ ಅವಳನ್ನು ಬದುಕಿಸಲು ಒಯ್ಯುತ್ತಿದ್ದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಅಭಿಪ್ರಾಯ ಪರಿಷ್ಕರಣೆ ಎನ್ನುತ್ತಾರೆ.

ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಶ್ರೀಖಂಡದ ಡಬ್ಬಿ ಇತ್ತು. ಕೊತ್ತಂಬರಿ ಎರಡೆಲೆ ಒಡೆದಿತ್ತು. ಗೊಬ್ಬರ ಹಾಕಿದ್ದೀರಾ ಎಂದು ಕೇಳಿದೆ. ಇನ್ನೂ ಇಲ್ಲ, ಬರೀ ನೀರು ಎಂದರು. ಪುಡಿಯನ್ನು ಬೆರಳಲ್ಲಿ ತಿಕ್ಕಿ ಮೂಸಿದೆ. ಅದೇ ಹಳಸಿದ ಹಸಿ ವಾಸನೆ. ಅತ್ತೆ ಮತ್ತು ಸೊಸೆ ಡಬ್ಬಿಯ ಎರಡು ಕಡೆ ಕುಳಿತು ಸಸಿಗಳನ್ನು ಬೇರು ಸಮೇತ ಕಿತ್ತರು, ಉಳಿದ ಬೀಜಗಳನ್ನು ಆರಿಸಿದರು. ಹೊಸ ಹಾಸು ತೆಗೆಸಿದೆ. ಪೆಟ್ಟಿಗೆ ಮೊದಲಿದ್ದ ಜಾಗಕ್ಕೇ, ಡಬ್ಬಿ ಮೊದಲಿದ್ದ ಮೂಲೆಗೇ ಹೋಯಿತು. ಉಡಿ ತುಂಬಲು ಹಾಸಿದ್ದ ಹಸಿರು ಕಣವನ್ನೇ ಪೆಟ್ಟಿಗೆಯ ಸುತ್ತ ಪರದೆಯಂತೆ ಇಳಿಬಿಟ್ಟೆವು. ಇನ್ನು ನಾಡಿದ್ದು ಬೆಳಗಿನವರೆಗೆ ಯಾರೂ ನೋಡಬಾರದು, ಓಡಾಟದ ಸಪ್ಪಳ ಪೂರಾ ನಿಂತರೆ ಮಾತ್ರ ಫೋನು ಮಾಡಿ ಎಂದೆ. ನನ್ನ ವೃತ್ತಿಯಲ್ಲಿ ಯಾರಿಗೂ ಇಷ್ಟು ಕಠಿಣವಾದ ಪಥ್ಯ ಹೇಳಿದ್ದು ನೆನಪಿಲ್ಲ.

ಮರುದಿನ ಹಾವೇರಿಯಲ್ಲಿ ನಾನು ಒಂದು ಕರುವಿನ ಮುರಿದ ಕಾಲಿಗೆ ಪಟ್ಟಿ ಹಾಕುತ್ತಿದ್ದಾಗ ಅತ್ತೆಯ ಫೋನು ಬಂತು. ಪರದೆ ತೆಗೆದಿರಾ ಎಂದು ನಾನೇ ಮೊದಲು ಗದರಿದೆ.

"ನೋಡಿಲ್ರಿ ಸಾಹೇಬ್ರ. ಬರೇ ಕೇಳಾಕತ್ತೇನಿ." ಅವರ ದನಿ ಪಿಸುಮಾತಿನಷ್ಟು ಸಣ್ಣದಾಗಿತ್ತು. "ಗಾಜು ಕೆರಿಯೂ ಸಪ್ಪಳ ಇಲ್ರಿ. ಮಣ್ಣಿನ ಸಪ್ಪಳ ಐತಿ."

ಗಾಜಿನ ಸಪ್ಪಳಕ್ಕೂ ಮಣ್ಣಿನ ಸಪ್ಪಳಕ್ಕೂ ನಡುವೆ ಎಷ್ಟು ಅಂತರ ಇದೆಯೋ, ನನ್ನ ಆ ದಿನದ ಊಟಕ್ಕೂ ಹಿಂದಿನ ದಿನದ ಊಟಕ್ಕೂ ಅಷ್ಟೇ ಅಂತರ ಇತ್ತು ಎಂದರೆ ಸಾಕು.

ಹೇಳಿದ ದಿನ ಬೆಳಿಗ್ಗೆ ಹೋದೆ. ಸೊಸೆ ಆಫೀಸಿಗೆ ಹೊರಡಲು ತಯಾರಾಗಿ, ಹೊರಡದೆ ನಿಂತಿದ್ದಳು. ಪರದೆ ಸರಿಸಿದೆ. ಡಬ್ಬಿಯ ಪುಡಿಯನ್ನು ಯಾರೋ ಅಂಗೈಯಿಂದ ತಟ್ಟಿದಂತೆ ಸಪಾಟಾಗಿ ಮುಚ್ಚಿತ್ತು. ಶೇಂಗಾ ಬಿಸಿ ಹಾಳೆಯ ಮೇಲೆ ಚಾಚಿ ಮಲಗಿದ್ದಳು, ಹೊಟ್ಟೆಯ ಚರ್ಮ ಎರಡೂ ಬದಿಗೆ ಸಡಿಲಾಗಿ ಜೋತಿತ್ತು. ಅತ್ತೆ ಚಮಚ ತಂದು ಕೊಟ್ಟರು. ಮೇಲಿನ ಪುಡಿ ಸರಿಸಿ, ಎರಡು ತತ್ತಿಗಳನ್ನೂ ಹೊರಳಿಸದೆ, ಇದ್ದ ಹಾಗೇ ಎತ್ತಿ ಬ್ಯಾಟರಿ ಹಿಡಿದೆ. ಜೀವ ಇದ್ದರೆ ನಡುವೆ ಒಂದು ಕೆಂಪು ಉಂಗುರ ಕಾಣುತ್ತದೆ. ಎರಡೂ ಬರೀ ಹಳದಿ. ಇದನ್ನು ಹೇಗೆ ಹೇಳುವುದೆಂದು ನಾನು ಮಾತು ಹುಡುಕುತ್ತಿದ್ದಾಗ ಅತ್ತೆ, ಅದು ನನಗೆ ಗೊತ್ತಿತ್ತು ಬಿಡ್ರಿ, ಫಾರಂ ಕೋಳಿದು ಎಂದರು. ಅವರು ಕೇಳಬೇಕೆಂದಿದ್ದದ್ದು ಬೇರೆಯೇ ಇತ್ತು. ಬಾಣಂತಿಗೆ ಅಂಟಿನ ಉಂಡಿ ಕೊಡಬಹುದೇ? ಬೇಡ, ಹುಳ ಸಾಕು ಎಂದೆ. ಸೊಸೆ ನಕ್ಕಳು. "ಅತ್ತೀ, ಉಂಡಿ ಮಾಡ್ರಿ, ನಾ ತಿಂತೇನಿ," ಎಂದು ಹೇಳಿ ಆಫೀಸಿಗೆ ಹೋದಳು.

ಮರುದಿನ ಸಂಜೆ ಶೇಂಗಾ ಮೂರು ಹುಳ ತಿಂದಳು. ಆ ವಾರದ ಕೊನೆಗೆ, ತತ್ತಿಯ ಭಾರ ಇಳಿದ ಮೇಲೂ, ಪತ್ತಾರನ ತಕ್ಕಡಿಯಲ್ಲಿ ನಾಲ್ಕು ತೊಲೆ ತೂಗಿದಳು.